ಸಹಾಯ ಬೇಕು: ನೀರಿನ ಹನಿಯ ಫೋಟೊ, ಎರಡನೇ ಹನಿ ಸಿಗ್ತಿಲ್ಲ

ನಮಸ್ಕಾರ, ದಾವಣಗೆರೆ ವಿದ್ಯಾನಗರದಿಂದ ಬರೀತಿದ್ದೀನಿ. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ, ಹಾಲಿನ ಹನಿ ಬಿದ್ದು ಕಿರೀಟದ ಹಾಗೆ ಚಿಮ್ಮಿದ ಫೋಟೊ ನೋಡಿದಾಗಿನಿಂದ ಹನಿಗಳ ಹುಚ್ಚು ಹತ್ತಿದೆ. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ತುಂಬ ನೀರು, ಮೇಲೆ ಗ್ಲೂಕೋಸ್ ಡ್ರಿಪ್ ಸೆಟ್. ಹನಿ ಬೀಳೋ ಜಾಗದಲ್ಲಿ ಪೆನ್ಸಿಲ್ ಅಡ್ಡ ಹಿಡಿದು ಮ್ಯಾನುಯಲ್ ಫೋಕಸ್ ಮಾಡಿಕೊಳ್ತೀನಿ. ಫ್ಲ್ಯಾಶ್ ಪೂರ್ತಿ ಪವರ್‌ನಲ್ಲಿದ್ದಾಗ ಹನಿಗೆ ಬಾಲ ಬರ್ತಿತ್ತು. ಪವರ್ 1/32ಕ್ಕೆ ಇಳಿಸಿ, ಫ್ಲ್ಯಾಶ್ ಮಿಂಚೋ ಹೊತ್ತು ಚಿಕ್ಕದಾದ ಮೇಲೆ ಹನಿ ಗಾಜಿನ ಗೋಲಿ ಹಾಗೆ ನಿಂತಿತು, ಒಳಗೆ ನಮ್ಮ ಕಿಟಕಿ ತಲೆಕೆಳಗಾಗಿ ಕಾಣ್ತಿತ್ತು! ಆ ಖುಷಿ ಹೇಳತೀರದು.

ಈಗ ಬೇಕಿರೋದು ಕೊಡೆ ಆಕಾರ. ಮೊದಲ ಹನಿ ಬಿದ್ದು ಕಂಬದ ಹಾಗೆ ಏಳುವ ನೀರಿನ ನೆತ್ತಿಗೆ ಎರಡನೇ ಹನಿ ಬಡೀಬೇಕು. ಕೈಯಲ್ಲಿ ನೂರಾರು ಸಲ ಪ್ರಯತ್ನಿಸಿದೆ, ಒಮ್ಮೆಯೂ ಸಿಗಲಿಲ್ಲ. ಸೊಲೆನಾಯ್ಡ್ ವಾಲ್ವ್ (ಕರೆಂಟ್‌ನಿಂದ ತೆರೆದು ಮುಚ್ಚೋ ನಲ್ಲಿ), ಅದನ್ನ ಸರಿಯಾದ ಸಮಯಕ್ಕೆ ನಡೆಸೋ ಆರ್ಡುಯಿನೊ (ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಬೋರ್ಡ್) ಜೋಡಿಸಿದವರು ಈ ಕಡೆ, ಚಿತ್ರದುರ್ಗದಲ್ಲಾದ್ರೂ ಸರಿ, ಯಾರಾದ್ರೂ ಇದ್ದೀರಾ? ಎರಡು ಹನಿಗಳ ನಡುವೆ ಎಷ್ಟು ಮಿಲಿಸೆಕೆಂಡ್ ಬಿಡ್ತೀರಿ? ಭಾನುವಾರ ಕ್ಯಾಮೆರಾ ಹಿಡ್ಕೊಂಡು ನಾನೇ ಬರ್ತೀನಿ.