ಹಿತ್ತಾಳೆಯ ಹಿಡಿ ಸೂಕ್ಷ್ಮಾಣು ‘ನಿರೋಧಕ’ವೇ, ‘ನಾಶಕ’ವೇ? ಅದರ ಮೇಲಿನ ಕಪ್ಪು ‘ಕಿಲುಬೇ’?

ಮಾನ್ಯರೇ,

ಬಾಗಿಲು, ಕಿಟಕಿಗಳ ಹಿಡಿ, ಚಿಲಕ, ಅಗುಳಿಗಳನ್ನು ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಾಮ್ರ ಹೆಚ್ಚಿರುವ ಹಿತ್ತಾಳೆ, ಕಂಚುಗಳಿಗೆ ಅದರಲ್ಲಿ ಕೊಟ್ಟಿರುವ ‘ಆ್ಯಂಟಿಮೈಕ್ರೋಬಿಯಲ್’ ಎಂಬ ವಿಶೇಷಣದ ಬಳಿ ನನ್ನ ಕೆಲಸ ನಿಂತಿದೆ. ಇದಕ್ಕೆ ‘ಸೂಕ್ಷ್ಮಾಣು ನಿರೋಧಕ’ ಎಂದು ಬರೆಯುವುದುಂಟು. ಆದರೆ ‘ಜಲನಿರೋಧಕ’ ಎಂದರೆ ನೀರನ್ನು ಒಳಗೆ ಬಿಡದ್ದು ಎಂದು ತಿಳಿಯುವ ಓದುಗರು, ಹಿತ್ತಾಳೆಯ ಮೇಲೆ ಸೂಕ್ಷ್ಮಾಣುಗಳು ಕೂರುವುದೇ ಇಲ್ಲವೆಂದು ತಿಳಿದಾರು. ಅವು ಕೂರುತ್ತವೆ, ಕೂತ ಮೇಲೆ ತಾಮ್ರದ ಅಯಾನುಗಳು ಅವುಗಳ ಕೋಶಪೊರೆಯನ್ನು ಹಾಳುಗೆಡವಿ, ಒಳಗಿನ ಡಿಎನ್‌ಎಯನ್ನೂ ಕೆಡಿಸಿ ಸಾಯಿಸುತ್ತವೆ. ಇದಕ್ಕೆ ಸಮಯವೂ ಹಿಡಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ತಾಮ್ರದ ಮಿಶ್ರಲೋಹಗಳನ್ನು ನೋಂದಾಯಿಸಿದಾಗ ಒಪ್ಪಿದ್ದು, ಕ್ರಮವಾಗಿ ಶುಚಿಮಾಡುತ್ತಿದ್ದರೆ ಅವು ಕೆಲವು ಬಗೆಯ ಬ್ಯಾಕ್ಟೀರಿಯಾಗಳಲ್ಲಿ ಶೇ. 99.9ಕ್ಕಿಂತ ಹೆಚ್ಚಿನವನ್ನು ಎರಡು ಗಂಟೆಯೊಳಗೆ ಕೊಲ್ಲುತ್ತವೆ ಎಂಬ ಮಾತನ್ನು. ಆ ನೋಂದಣಿ ನಡೆದದ್ದೂ ಅಲ್ಲಿನ ಕೀಟನಾಶಕ ಕಾನೂನಿನ ಅಡಿಯಲ್ಲಿಯೇ.

ಹೀಗಾಗಿ ‘ನಾಶಕ’ವೇ ನಿಜಕ್ಕೆ ಹತ್ತಿರವೆಂದು ನನ್ನ ನಿಲುವು. ಅಡ್ಡಿಯೊಂದೇ: ‘ಸೂಕ್ಷ್ಮಾಣುನಾಶಕ’ ಎಂದೊಡನೆ ಕಣ್ಣಿಗೆ ಬರುವುದು ಫಿನಾಯಿಲಿನಂತಹ ದ್ರವವೇ ಹೊರತು ಬಾಗಿಲ ಹಿಡಿಯಲ್ಲ. ‘ಸ್ಪರ್ಶನಾಶಕ’ ಎಂದು ಕಟ್ಟಿ ನೋಡಿದೆ. ಅದು ಸ್ಪರ್ಶವನ್ನೇ ನಾಶಮಾಡುವುದು ಎಂದಾಗಿ ಕೈಬಿಟ್ಟೆ. ಸಮಾಸದ ಹಂಗಿಲ್ಲದೆ ‘ತನ್ನ ಮೇಲೆ ಕೂತ ಸೂಕ್ಷ್ಮಾಣುಗಳನ್ನು ಕೊಲ್ಲುವ ಲೋಹ’ ಎಂದು ಬಿಡಿಸಿ ಬರೆದರೆ ಸಾಲದೇ?

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಕಿಲುಬು’. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು ಎಂಬ ಭೇದ ನಮ್ಮ ಅಡುಗೆಮನೆಗಳಲ್ಲಿ ಸ್ಪಷ್ಟವಾಗಿಯೇ ಇದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬುತ್ತದೆ, ಉಣ್ಣಬಾರದು ಎಂದು ಅಜ್ಜಿ ಎಚ್ಚರಿಸುತ್ತಿದ್ದುದು ಈ ಅರ್ಥದಲ್ಲಿಯೇ. ಆದರೆ ನಮ್ಮ ಹಳೆಯ ಮನೆಯ ಹಿತ್ತಾಳೆ ಚಿಲಕದಲ್ಲಿ, ಬೆರಳು ತಾಗುವಷ್ಟು ಜಾಗ ಹೊನ್ನಿನಂತೆ ಹೊಳೆಯುತ್ತದೆ. ಅದರ ಸುತ್ತ ಕಂದುಗಪ್ಪಿನ ತೆಳು ಛಾಯೆಯಿದೆ, ಹಸಿರು ಎಲ್ಲಿಯೂ ಇಲ್ಲ. ಇದನ್ನೂ ಕಿಲುಬೆಂದರೆ ಓದುಗರು ಗಾಬರಿಯಾಗಿ ಉಜ್ಜಿ, ಮತ್ತೆ ಕಪ್ಪಾಗದಂತೆ ಮೇಲೆ ವಾರ್ನಿಶ್ ಬಳಿಸುತ್ತಾರೆ. ಹಾಗೆ ಬಳಿದೊಡನೆ ಸೂಕ್ಷ್ಮಾಣುವಿಗೂ ತಾಮ್ರಕ್ಕೂ ಮುಟ್ಟುವಿಕೆ ತಪ್ಪಿ, ಗುಣವೆಲ್ಲ ಅಡಗಿಹೋಗುತ್ತದೆ. ಸಹಜವಾಗಿ ಕಪ್ಪಾಗುವುದರಿಂದ ಮಾತ್ರ ಅದಕ್ಕೆ ಕುಂದಿಲ್ಲ.

ಆದ್ದರಿಂದ ಹಸಿರು ಕಿಲುಬಿನಿಂದ ಬೇರೆಯಾದ ಈ ಕಂದು ಛಾಯೆಗೆ ಆಡುಮಾತಿನ ಹೆಸರೊಂದು ನನಗೆ ಬೇಕಾಗಿದೆ. ನಮ್ಮಲ್ಲಿ ‘ಕಪ್ಪಡರಿದೆ’, ‘ಮಬ್ಬಾಗಿದೆ’ ಎನ್ನುತ್ತೇವೆ; ಇವೆರಡೂ ಕ್ರಿಯೆಯನ್ನು ಹೇಳುತ್ತವೆ, ಪದರವನ್ನಲ್ಲ. ಕಂಚುಗಾರರ ಮನೆಗಳಲ್ಲಿ, ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಇದಕ್ಕೆ ಏನನ್ನುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.