ಸರ್ಪಸುತ್ತು ಒಣಗಿದರೂ ಉರಿ ಹೋಗುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎಪ್ಪತ್ತು ದಾಟಿದ ಅಮ್ಮನಿಗೆ ಮಳೆಗಾಲಕ್ಕೂ ಮೊದಲು ಬಲಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತ್ತು. ಗುಳ್ಳೆಗಳು ಒಣಗಿ ಈಗ ಕಲೆ ಮಾತ್ರ ಇದೆ. ಆದರೆ ಸೀರೆಯ ಸೆರಗು ಸೋಕಿದರೆ ಸಾಕು, ಕೆಂಡ ಇಟ್ಟಂತೆ ಚೀರುತ್ತಾರೆ. ವಿಚಿತ್ರವೆಂದರೆ, ಅದೇ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿದರೆ ಅಷ್ಟು ನೋವಿಲ್ಲ. ರಾತ್ರಿಯೆಲ್ಲ ಹಾಗೆಯೇ ಹಿಡಿದು ಕೂರುತ್ತಾರೆ, ನೋಡಲಾಗುವುದಿಲ್ಲ.

ಕೆಮ್ಮಣ್ಣು ಹಚ್ಚಿದ್ದಾಯಿತು, ಪ್ಯಾರಾಸಿಟಮಾಲ್ ಕೊಟ್ಟಿದ್ದಾಯಿತು, ಯಾವುದೂ ನಾಟಲಿಲ್ಲ. ಚಿಕನ್‌ಪಾಕ್ಸ್ ಬಂದು ಹೋದ ಮೇಲೆ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಅಡಗಿ ಕುಳಿತ ವೈರಸ್ಸೇ ಮತ್ತೆ ಎದ್ದು ನರವನ್ನು ಕೆಡಿಸಿದೆ, ಹಾಗಾಗಿ ಬರೀ ಸ್ಪರ್ಶವೂ ಮಿದುಳಿಗೆ ನೋವಾಗಿ ತಲುಪುತ್ತಿದೆ ಎಂದು ವೈದ್ಯರು ವಿವರಿಸಿದರು. ರಾತ್ರಿಗೆ 75 ಮಿಲಿಗ್ರಾಂ ಪ್ರಿಗ್ಯಾಬಲಿನ್ ಎಂಬ ನರನೋವಿನ ಮಾತ್ರೆ ಬರೆದರು. ಉರಿ ತುಸು ತಗ್ಗಿತು, ನಿಜ. ಆದರೆ ಬೆಳಿಗ್ಗೆ ತಲೆ ಸುತ್ತಿ, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕು. ಬಿದ್ದು ಸೊಂಟ ಮುರಿದರೆ ಎಂಬುದೇ ನನ್ನ ಭಯ.

ನನ್ನ ಗೊಂದಲ ಇಲ್ಲಿದೆ. ಒಬ್ಬ ವೈದ್ಯರು ಮಾತ್ರೆಯನ್ನು ನಿಧಾನವಾಗಿ ಹೆಚ್ಚಿಸೋಣ ಎನ್ನುತ್ತಾರೆ. ಇನ್ನೊಬ್ಬರು ಶೇ. 5ರ ಲಿಡೊಕೇನ್ (ಜಾಗವನ್ನು ಮರಗಟ್ಟಿಸುವ ಮದ್ದು) ಪಟ್ಟಿ ಅಂಟಿಸಿ ನೋಡಿ, ಅದು ಚರ್ಮದ ಮಟ್ಟದಲ್ಲೇ ಕೆಲಸ ಮಾಡುವುದರಿಂದ ಮಂಪರು ಬರುವುದಿಲ್ಲ, ಅದಕ್ಕೂ ಬಗ್ಗದಿದ್ದರೆ ಪಕ್ಕೆಲುಬಿನ ನಡುವಿನ ನರಕ್ಕೆ ಚುಚ್ಚುಮದ್ದು ಕೊಡೋಣ ಎನ್ನುತ್ತಾರೆ.

ನಿಮ್ಮ ಮನೆಯ ಹಿರಿಯರಿಗೆ ಈ ಪಟ್ಟಿಯನ್ನಾಗಲಿ ಚುಚ್ಚುಮದ್ದನ್ನಾಗಲಿ ಕೊಡಿಸಿದ್ದೀರಾ? ಯಾವುದರಿಂದ ಉಪಶಮನ ಸಿಕ್ಕಿತು, ಎಷ್ಟು ಕಾಲ ನಿಂತಿತು?