ಸ್ಟೇಷನ್ನಿನಲ್ಲಿ ಕೊಟ್ಟ ದೂರು ಎಲ್ಲಿಗೆ ಮುಟ್ಟಿತು? ವಕೀಲರಿಗೆ ಕೇಳಿದ್ದು

ಪ್ರಶ್ನೆ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಬ್ಬ ಅಕ್ಕನಿಂದ:

ವಕೀಲರೇ, ನಮಸ್ಕಾರ. ಅಂಗಳದಲ್ಲಿ ಒಣಗಿಸಿ ಗೋಣಿಗೆ ತುಂಬಿಸಿಟ್ಟ ಅಡಿಕೆ ಬೆಳಗಾಗುವಾಗ ಇಲ್ಲ. ಎರಡು ಗೋಣಿ. ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆವು. ಎಫ್‌ಐಆರ್ ಆಗಿದೆ ಅಂತ ಹೇಳಿದರು, ಒಂದು ನಂಬರೂ ಬರೆದುಕೊಟ್ಟರು. ಎರಡು ತಿಂಗಳಾಯ್ತು. ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ, ಎಫ್‌ಐಆರ್ ಕಾಪಿ ತೆಗೆದುಕೊಡಲು 500 ರೂಪಾಯಿ ಅಂದರು. ಕೊಡಬೇಕಾ? ಮನೆಯಲ್ಲೇ ಕೂತು ನೋಡಲಿಕ್ಕೆ ಆಗುವುದಿಲ್ವಾ? ಮಲಯಾಳ ಮಾತಾಡುತ್ತೇವೆ, ಓದಲಿಕ್ಕೆ ಬರುವುದಿಲ್ಲ.

ವಕೀಲರ ಉತ್ತರ:

ಅಕ್ಕ, 500 ರೂಪಾಯಿ ಕೊಡಬೇಡಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಪೊಲೀಸರು, ಕೋರ್ಟು ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್. ಸ್ಟೇಷನ್ನಿಗೆ ಹೋಗಿ ಧೈರ್ಯವಾಗಿ ಕೇಳಿ.

ಮನೆಯಲ್ಲೇ ನೋಡುವುದಾದರೆ ಕೇರಳ ಪೊಲೀಸರ 'ತುಣ' ಅನ್ನುವ ತಾಣ ಇದೆ, ಫೋನಿಗೆ 'ಪೋಲ್ ಆಪ್' ಇದೆ. ಜಿಲ್ಲೆ, ಸ್ಟೇಷನ್, ನಂಬರು, ವರ್ಷ ಕೊಟ್ಟು ಹುಡುಕಬೇಕು. ನಿಮಗೆ ಬರೆದುಕೊಟ್ಟದ್ದು ಅದೇ ನಂಬರು. ನಮ್ಮ ಕಡೆ ಅದಕ್ಕೆ ಕ್ರೈಂ ನಂಬರ್ ಅಂತಾರೆ. ಮೊದಲು ಸಂಖ್ಯೆ, ಒಂದು ಗೆರೆ, ಆಮೇಲೆ ವರ್ಷ. ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಆ ಚೀಟಿಯನ್ನೇ ಕಳೆದುಕೊಂಡಿರುತ್ತಾರೆ. ಆಮೇಲೆ ಹೆಸರು, ತಾರೀಕು ಹಿಡಿದು ಹುಡುಕುತ್ತಾ ಕೂರಬೇಕು.

ಗೂಗಲ್‌ನಲ್ಲಿ ಮೊದಲು ಬಂದದ್ದನ್ನೇ ಒತ್ತಬೇಡಿ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯಾ ನೋಡಿ. ಇಲ್ಲದ ಕಡೆ ಫೋನ್ ನಂಬರು, ಆಧಾರ್ ಕೊಡಲೇಬೇಡಿ.

ಅದೇ ಅಕ್ಕ:

ಸಿಕ್ಕಿತು ವಕೀಲರೇ! ಮಗ ತೆಗೆದುಕೊಟ್ಟ. ಆದರೆ ಅದರಲ್ಲಿ 303 ಅಂತ ಉಂಟು. ಮಾವ ನೋಡಿ ಗಾಬರಿಯಾದರು. ಕಳವಿಗೆ 379 ಅಲ್ವಾ, 300ರ ಹತ್ತಿರದ್ದೆಲ್ಲ ಕೊಲೆಯದ್ದಲ್ವಾ ಅಂತಾರೆ.

ವಕೀಲರ ಉತ್ತರ:

ಮಾವ ಹೇಳಿದ್ದು ಹಳೇ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ ಲೆಕ್ಕ. ಅದರ ಪ್ರಕಾರ ಅವರು ಸರಿಯೇ. 2024ರ ಜುಲೈ 1ರಿಂದ ಅದರ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಕಳವು 303, ಕೊಲೆಗೆ ಶಿಕ್ಷೆ 103. ಗಾಬರಿ ಬೇಡ. ಹೊಸ ಕಾನೂನಿನ ಪೂರ್ತಿ ಪಠ್ಯ 'ಇಂಡಿಯಾ ಕೋಡ್' ಅನ್ನುವ ಕೇಂದ್ರ ಸರಕಾರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ವಾಟ್ಸಾಪಿನಲ್ಲಿ ಬರುವ ಪಟ್ಟಿ ನಂಬಬೇಡಿ.

ಇನ್ನು ಕೇಸು ಎಲ್ಲಿಗೆ ಮುಟ್ಟಿತು ಅನ್ನುವುದು. ಇಲ್ಲಿ ಜನ ಜಾಸ್ತಿ ತಪ್ಪುವುದು. ತನಿಖೆ ಮುಗಿಯುವ ತನಕ ಅದು ಪೊಲೀಸರ ಕೈಯಲ್ಲಿರುತ್ತದೆ. ಕೋರ್ಟಿನ ತಾಣದಲ್ಲಿ ಹುಡುಕಿ ಏನೂ ಕಾಣದಿದ್ದರೆ ಕೇಸು ಬಿದ್ದುಹೋಯ್ತು ಅಂತ ಅರ್ಥ ಅಲ್ಲ. 90 ದಿನದ ಒಳಗೆ ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ ಪೊಲೀಸರೇ ತಿಳಿಸಬೇಕು, ಮೊದಲು ಹೇಳಿದ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್. ಆರೋಪಪಟ್ಟಿ ಕೋರ್ಟಿಗೆ ಹೋದ ಮೇಲೆ 'ಇ-ಕೋರ್ಟ್ಸ್' ತಾಣದಲ್ಲಿ ಎಫ್‌ಐಆರ್ ನಂಬರು ಹಾಕಿ ನೋಡಬಹುದು. ಆಗ ಒಂದು ಸಿಎನ್‌ಆರ್ ನಂಬರು, ಅಂದರೆ ಕೋರ್ಟಿನಲ್ಲಿ ಆ ಕೇಸಿಗೆ ಮಾತ್ರ ಇರುವ ನಂಬರು ಸಿಗುತ್ತದೆ, ಅಕ್ಷರ ಅಂಕಿ ಸೇರಿ 16. ನಮ್ಮ ರಾಜ್ಯದ್ದು 'ಕೆಎಲ್' ಅಂತ ಶುರು. ಆ ಒಂದು ನಂಬರು ಇದ್ದರೆ ಸಾಕು, ಮುಂದಿನ ತಾರೀಕು, ಆದೇಶ ಎಲ್ಲ ಫೋನಿನಲ್ಲೇ. ಸುಮ್ನೆ ವಿದ್ಯಾನಗರದ ಕೋರ್ಟಿನ ತನಕ ಬಸ್ಸಿಗೆ ದುಡ್ಡು ಹಾಕಿ ಬಂದು ಗೇಟಿನ ಹತ್ತಿರ ಕಾಯಬೇಕಾಗಿಲ್ಲ.

ಮಂಜೇಶ್ವರದಿಂದ ಒಬ್ಬರು:

ನನ್ನ ಕೇಸು ತಲಪಾಡಿ ಗಡಿ ದಾಟಿ ಆಚೆ, ಕರ್ನಾಟಕದಲ್ಲಿ ಆದದ್ದು. ದೂರು ಕೊಟ್ಟದ್ದು ಈಚೆ. ತುಣದಲ್ಲಿ ಹುಡುಕಿದರೆ ಮುಂದಿನ ವಿವರ ಒಂದೂ ಇಲ್ಲ.

ವಕೀಲರ ಉತ್ತರ:

ಅದು ಝೀರೋ ಎಫ್‌ಐಆರ್ ಆಗಿರಬೇಕು ಅಣ್ಣ. ಎಲ್ಲಿ ಆದದ್ದಾದರೂ ಯಾವ ಸ್ಟೇಷನ್ನಿನಲ್ಲಾದರೂ ದೂರು ಕೊಡಬಹುದು. ಅದು ಆಮೇಲೆ ಘಟನೆ ನಡೆದ ಊರಿನ ಸ್ಟೇಷನ್ನಿಗೆ ಹೋಗುತ್ತದೆ, ಅಲ್ಲಿ ಹೊಸ ನಂಬರು ಬೀಳುತ್ತದೆ. ಆ ನಂಬರನ್ನು ಕೇಳಿ ತೆಗೆದುಕೊಳ್ಳಿ. ಹುಡುಕಬೇಕಾದ್ದು ಕರ್ನಾಟಕ ಪೊಲೀಸರ ತಾಣದಲ್ಲಿ.

ಇನ್ನೊಬ್ಬರು:

ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಎಫ್‌ಐಆರ್ ಸಹ ಹೀಗೆ ಯಾರು ಬೇಕಾದರೂ ತೆಗೆಯಬಹುದಾ?

ವಕೀಲರ ಉತ್ತರ:

ಇಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಎಫ್‌ಐಆರ್‌ಗಳನ್ನು 24 ಗಂಟೆಯಲ್ಲಿ ತಾಣಕ್ಕೆ ಹಾಕಬೇಕು ಅಂತ ಹೇಳಿತು. ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯಿದೆ), ಭಯೋತ್ಪಾದನೆಯಂಥವನ್ನು ಅದರಿಂದ ಹೊರಗಿಟ್ಟಿತು. ಅಂಥದ್ದು ಯಾರದ್ದೋ ಫೋನಿಗೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಆ ಮಗುವಿನ ಹೆಸರು ಊರಿಡೀ ಹರಡಿದರೆ ಮತ್ತೆ ಅಳಿಸಲಿಕ್ಕೆ ಯಾರಿಂದಲೂ ಆಗುವುದಿಲ್ಲ.

ಬದಿಯಡ್ಕದ ಅಕ್ಕ:

ವಕೀಲರೇ, ಇನ್ನೊಂದೇ. ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳು. ಎಫ್‌ಐಆರ್‌ನಲ್ಲಿ ಒಂದು ಗೋಣಿ ಅಂತ ಬರೆದಿದೆಯಂತೆ. ನಾವು ಎರಡು ಅಂತ ಹೇಳಿದ್ದೆವು.

ವಕೀಲರ ಉತ್ತರ:

ಓದಿಸಿದ್ದು ಒಳ್ಳೆದಾಯ್ತು. ಇದನ್ನು ಹೀಗೇ ಬಿಡಬೇಡಿ. ಎಫ್‌ಐಆರನ್ನು ಗೀಚಿ ತಿದ್ದಲಿಕ್ಕೆ ಬರುವುದಿಲ್ಲ, ಆದರೆ ತನಿಖಾಧಿಕಾರಿಯ ಹತ್ತಿರ ಹೇಳಿಕೆ ಕೊಟ್ಟು ಸರಿ ಮಾಡಿಸಬಹುದು. ಒಂದು ಅರ್ಜಿ ಬರೆಯಿರಿ: ಗೋಣಿ ಎಷ್ಟು, ತೂಕ ಎಷ್ಟು, ಹೊಸ ಅಡಿಕೆಯಾ ಹಳತಾ, ಗೋಣಿಯ ಮೇಲೆ ಏನಾದರೂ ಗುರುತು ಇತ್ತಾ. ಹಿಂದೆ ಅಡಿಕೆ ಮಾರಿದ ಚೀಟಿ ಇದ್ದರೆ ಅದರ ನಕಲು ಸೇರಿಸಿ.

ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ನಮ್ಮ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ನಾವು ಬರೆಯದಿದ್ದರೆ ಆ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ, ನನಗೆ ಅದೇ ಬೇಸರ. ಬರೆಯಲು ಸಹಾಯ ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಅರ್ಜಿಗೆ ಕ್ರೈಂ ನಂಬರ್ ಹಾಕಲು ಮರೆಯಬೇಡಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ಟೇಷನ್ನಿನ ಸೀಲು, ತಾರೀಕು ಹಾಕಿಸಿ ಮನೆಗೆ ತನ್ನಿ. ನಾಳೆಯೇ ಹೋಗಿ ಅಕ್ಕ.